ಕೊನೆಗೆ ಮತ್ತೆ ಬರೀ ನೀರು

ಮದುವೆಯಾದ ಒಂಬತ್ತನೆಯ ವರ್ಷಕ್ಕೆ ಆ ಮನೆಯಲ್ಲಿ ನನ್ನದು ಅನ್ನುವ ಒಂದು ವಸ್ತು ಸಿಕ್ಕಿತು. ಮೋಟರ್ ಮನೆಯ ಬೀಗದ ಕೈ. ಒಡವೆಗಳು ಅತ್ತೆಯ ಟ್ರಂಕಿನಲ್ಲಿದ್ದವು, ಸಾರಿಗೆ ಉಪ್ಪು ಎಷ್ಟು ಅನ್ನುವುದನ್ನೂ ಅವರೇ ಹೇಳುತ್ತಿದ್ದರು, ಗಂಡ ಅವರಿಗೆ ಮಗನಾಗಿದ್ದಷ್ಟು ನನಗೆ ಗಂಡನಾಗಿರಲಿಲ್ಲ. ಆ ಬೀಗದ ಕೈ ಮಾತ್ರ ನನ್ನ ಸೊಂಟದಲ್ಲಿರುತ್ತಿತ್ತು. ಅದು ನನ್ನ ಕೈತಪ್ಪಿದ್ದು ಹೇಗೆ ಅನ್ನುವುದಕ್ಕೆ ಊರಿನಲ್ಲಿ ಒಂದು ಕಥೆ ಇದೆ. ಕಥೆ ಅಪ್ಪಟ ಸುಳ್ಳು. ಆದರೆ ಅದನ್ನು ನಿಜ ಅಂತ ಒಪ್ಪಿಕೊಂಡವಳು ನಾನೇ, ಹಾಗಾಗಿ ಊರನ್ನು ಬಯ್ಯುವ ಹಾಗೂ ಇಲ್ಲ.

ನನ್ನ ತವರು ಮಿರ್ಲೆ. ನಾಲೆ, ಗದ್ದೆ, ಬೇಡವೆಂದರೂ ಬದು ದಾಟಿ ಬರುವ ನೀರು. ಕೆ.ಆರ್. ನಗರದಲ್ಲಿ ಪಿಯುಸಿ ಸೈನ್ಸ್ ಓದಿ, ಪಾಸಾದ ವರ್ಷವೇ ಹುಣಸೂರು ಕಡೆಯ ಈ ಊರಿಗೆ ಸೊಸೆಯಾಗಿ ಬಂದೆ. ಇಲ್ಲಿ ಕೆಂಪು ಮಣ್ಣು, ಹೊಗೆಸೊಪ್ಪು, ಮನೆಯ ಹಿಂದೆ ಒಂದು ಹಳೆಯ ಬಾವಿ. ಬಾವಿಯ ಸುತ್ತ ಎರಡು ಎಕರೆ. ಗಂಡನ ತಾತನ ಕಾಲದಲ್ಲಿ ಅದು ವೀಳ್ಯದೆಲೆಯ ತೋಟವಾಗಿತ್ತಂತೆ. ಎಲೆತೋಟಕ್ಕೆ ಮುಟ್ಟಾದ ಹೆಂಗಸು ಕಾಲಿಡಬಾರದು, ಇಟ್ಟರೆ ಬಳ್ಳಿ ಬಾಡುತ್ತದೆ ಅನ್ನುವುದು ಆ ಮನೆಯ ಪದ್ಧತಿ. ಬಳ್ಳಿಗೆ ರೋಗ ಬಂದು ತೋಟ ಹೋಯಿತು, ತಾತನೂ ಹೋದರು, ಅಲ್ಲಿ ಬಾಳೆ ಬಂತು. ಪದ್ಧತಿ ಮಾತ್ರ ಇದ್ದಲ್ಲೇ ಇತ್ತು. ಬಾಳೆಗೂ ಅದೇ ಕಾನೂನು, ತಿಂಗಳಿಗೆ ಮೂರು ದಿನ ನಾನು ಬೇಲಿಯಿಂದ ಈಚೆ.

ಹೊಗೆಸೊಪ್ಪಿಗೆ ಮಾತ್ರ ಮೈಲಿಗೆ ಇರಲಿಲ್ಲ. ಸೊಪ್ಪು ಮುರಿದು ತಂದ ದಿನ ಎಲೆ ಬಾಡುವ ಮೊದಲೇ ಅದನ್ನು ಉದ್ದುದ್ದ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ, ಒಲೆಯ ಬಿಸಿಯಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್ ಮನೆಯೊಳಕ್ಕೆ ಏರಿಸಬೇಕು. ಆಗ ಎಷ್ಟು ಕೈ ಇದ್ದರೂ ಸಾಲದು. ಅಡುಗೆಮನೆಗೆ ಬೇಡವಾದ ನನ್ನ ಕೈ ಆ ಮೂರು ದಿನ ಸೊಪ್ಪು ಕಟ್ಟುವ ಚಪ್ಪರಕ್ಕೆ ಚೆನ್ನಾಗಿಯೇ ಬೇಕಾಗುತ್ತಿತ್ತು. ಯಾವುದನ್ನು ಬಿಟ್ಟರೆ ಮನೆ ನಡೆಯುವುದಿಲ್ಲ ಅನ್ನುವುದು ದೇವರಿಗೂ ಗೊತ್ತಿದ್ದಿರಬೇಕು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮ ಬಾಳೆಗೆ ಸಬ್ಸಿಡಿಯಲ್ಲಿ ಹನಿ ನೀರಾವರಿ ಬಂತು. ಕಪ್ಪು ಪೈಪಿನ ಸುರುಳಿಗಳು, ಒಂದು ಫಿಲ್ಟರು, ನೀಲಿ ಡ್ರಮ್ಮು, ಜೊತೆಗೆ ಒಂದು ಪುಟ್ಟ ರಟ್ಟಿನ ಪೆಟ್ಟಿಗೆ. ಅದನ್ನೆಲ್ಲ ಜೋಡಿಸಲು ಹುಣಸೂರಿನಿಂದ ಫಿಟ್ಟರ್ ಬಂದ ದಿನ ಗಂಡ ಮತ್ತು ಮೈದುನ ಇಬ್ಬರೂ ಹೊಗೆಸೊಪ್ಪಿನ ಹರಾಜಿಗೆ ಹೋಗಿದ್ದರು. ಫಿಟ್ಟರ್ ಐವತ್ತು ದಾಟಿದ ಮನುಷ್ಯ, ಬಾಯ್ತುಂಬ ಎಲೆಅಡಿಕೆ. ಕೆಲಸ ಮುಗಿಸಿ ಅತ್ತ ಇತ್ತ ನೋಡಿದ.

"ಗಂಡಸ್ರು ಯಾರೂ ಇಲ್ವಾ? ಇದ್ನ ಓಡ್ಸೋದ್ ಯಾರಿಗ್ ತೋರ್ಸದು?"

"ನಂಗೇ ತೋರ್ಸಿ. ಇಲ್ದಿದ್ರೆ ಇನ್ನೊಂದ್ ದಿನ ಬನ್ನಿ."

"ಇನ್ನೊಂದ್ ದಿನ ಯಾರ್ ಬತ್ತಾರೆ ಬುಡಿ. ಬನ್ನಿ ಇಲ್ಲಿ."

ರಟ್ಟಿನ ಪೆಟ್ಟಿಗೆಯಲ್ಲಿದ್ದದ್ದು ವೆಂಚುರಿ. ಗೇಣುದ್ದದ ಪ್ಲಾಸ್ಟಿಕ್ ಕೊಳವೆ, ನಡುವೆ ಸೊಂಟ ಸಣ್ಣ. ಮೋಟರಿನಿಂದ ಬರುವ ದೊಡ್ಡ ಪೈಪಿನ ಪಕ್ಕದಲ್ಲಿ ಒಂದು ಅಡ್ಡದಾರಿ ಮಾಡಿ ಅದನ್ನು ಕೂರಿಸಿದ್ದ. ದೊಡ್ಡ ಪೈಪಿನ ವಾಲ್ವನ್ನು ಅರ್ಧ ಮುಚ್ಚಿದರೆ ನೀರು ಈ ಸಣ್ಣ ಸೊಂಟದೊಳಗೆ ನುಗ್ಗುತ್ತದೆ. ನುಗ್ಗುವ ರಭಸಕ್ಕೆ, ಪಕ್ಕದ ಡ್ರಮ್ಮಿನಲ್ಲಿ ಕರಗಿಸಿಟ್ಟ ಗೊಬ್ಬರವನ್ನು ಒಂದು ತೆಳು ನಳಿಕೆಯಿಂದ ತಾನೇ ಎಳೆದುಕೊಳ್ಳುತ್ತದೆ. ಅದಕ್ಕೆ ಬೇರೆ ಕರೆಂಟು ಬೇಡ, ಯಂತ್ರ ಬೇಡ. ಕಾಲೇಜಿನಲ್ಲಿ ಪಾಠ ಓದಿ ಮರೆತಿದ್ದದ್ದು ಇಲ್ಲಿ, ಬಾವಿಯ ದಡದಲ್ಲಿ, ನನ್ನ ಕಣ್ಣ ಮುಂದೆ ಸುಯ್ಯೆಂದು ಗೊಬ್ಬರ ಕುಡಿಯುತ್ತಿತ್ತು. ಅತ್ತೆಯೂ ನೋಡಲು ಬಂದರು. "ಇದೇನವ್ವಾ, ಕರ ಮೊಲೆ ಚೀಪ್ದಂಗೆ ಚೀಪ್ತದೆ" ಅಂದರು. ನನಗೆ ಖುಷಿಯಾಗಿ ನಗು ಬಂತು. ಆ ಮನೆಯಲ್ಲಿ ಖುಷಿಗೆ ನಕ್ಕದ್ದು ಅದೇ ಮೊದಲಿರಬೇಕು.

ಫಿಟ್ಟರ್ ಹೋಗುವಾಗ ಒಂದು ಮಾತನ್ನು ಮೂರು ಸಲ ಹೇಳಿದ. ಮೊದಲು ಬರೀ ನೀರು ಬಿಟ್ಟು ಮಣ್ಣು ನೆನೆಸಬೇಕು. ಆಮೇಲೆ ಗೊಬ್ಬರ. ಕೊನೆಗೆ ಮತ್ತೆ ಅರ್ಧ ಗಂಟೆ ಬರೀ ನೀರು ಬಿಟ್ಟು ಪೈಪು ತೊಳೆದು, ಬೇರಿನ ಹತ್ತಿರ ಗೊಬ್ಬರ ಗಟ್ಟಿಯಾಗಿ ನಿಲ್ಲದ ಹಾಗೆ ಮಾಡಬೇಕು. ಕಂಪನಿ ಕೊಟ್ಟ ಕಾಗದ ಇಂಗ್ಲಿಷು ಮತ್ತು ಹಿಂದಿಯಲ್ಲಿತ್ತು. ನಾನು ಸೀಮೆಸುಣ್ಣ ತಂದು ಮೋಟರ್ ಮನೆಯ ಬಾಗಿಲಿನ ಒಳಮೈಯಲ್ಲಿ ದಪ್ಪಕ್ಕೆ ಬರೆದೆ: "ಮೊದಲು ಬರೀ ನೀರು. ಆಮೇಲೆ ಗೊಬ್ಬರ. ಕೊನೆಗೆ ಮತ್ತೆ ಬರೀ ನೀರು."

ಅದು ಮನೆಯಲ್ಲಿ ತಮಾಷೆಯ ಮಾತಾಯಿತು. ಊಟಕ್ಕೆ ಕೂತಾಗ ಮೈದುನ ತಟ್ಟೆ ಮುಂದೆ ಮಾಡಿ, "ಅತ್ತಿಗೆ, ಮೊದ್ಲು ಬರೀ ನೀರಾ, ಆಮ್ಯಾಕೆ ಸಾರಾ?" ಅನ್ನುತ್ತಿದ್ದ. ಅತ್ತೆಯೂ ನಗುತ್ತಿದ್ದರು. ನಗಲಿ ಅಂತ ಬಿಟ್ಟೆ. ಬೀಗದ ಕೈ ನನ್ನ ಹತ್ತಿರವೇ ಇತ್ತು, ಏಕೆಂದರೆ ಆ ವಾಲ್ವ್ ಎಷ್ಟು ತಿರುಗಿಸಿದರೆ ಡ್ರಮ್ಮು ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಅನ್ನುವುದು ನನ್ನೊಬ್ಬಳಿಗೇ ಗೊತ್ತಿತ್ತು. ಗಂಡನಿಗೆ ತಾಳ್ಮೆ ಇರಲಿಲ್ಲ. ಮೈದುನ ಅರ್ಧ ಮುಚ್ಚುವುದನ್ನೇ ಒಪ್ಪುತ್ತಿರಲಿಲ್ಲ. "ಎತ್ತಿದ್ ನೀರ್ಗೆ ಯಾರಾದ್ರೂ ಅಡ್ಡ ಹಾಕ್ತಾರಾ?" ಅನ್ನುತ್ತಿದ್ದ.

ತಿಂಗಳಿಗೆ ಆಗುವ ಗೊಬ್ಬರವನ್ನು ಎಂಟು ಭಾಗ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟುಕೊಳ್ಳುತ್ತಿದ್ದೆ. ವಾರಕ್ಕೆರಡು ಸಲ, ಸ್ವಲ್ಪ ಸ್ವಲ್ಪ. ಮಗುವಿಗೆ ತುತ್ತು ಮಾಡಿ ಕೊಡುವ ಹಾಗೆ. ಮೈದುನನಿಗೆ ಆ ಕವರುಗಳನ್ನು ನೋಡಿದರೇ ಆಗುತ್ತಿರಲಿಲ್ಲ. ಹೊಗೆಸೊಪ್ಪಿನ ಬುಡಕ್ಕೆ ಮುಷ್ಟಿ ಮುಷ್ಟಿ ಸುರಿದು ಬೆಳೆದ ಕೈ ಅದು. ಮುಷ್ಟಿ ತುಂಬದ ಗೊಬ್ಬರ ಅವನಿಗೆ ಅವಮಾನ ಮಾಡಿದ ಹಾಗೆ ಕಾಣುತ್ತಿತ್ತು.

ನಾಲ್ಕೈದು ತಿಂಗಳಲ್ಲಿ ಬಾಳೆ ಎದ್ದು ನಿಂತ ರೀತಿಗೆ ದಾರಿಹೋಕರು ನಿಲ್ಲತೊಡಗಿದರು. ಪಿರಿಯಾಪಟ್ಟಣದ ಕಡೆಯ ನೆಂಟರು ಒಂದು ಭಾನುವಾರ ತೋಟ ನೋಡಲು ಬಂದಾಗ ಮೈದುನ ಎದೆ ಮುಂದೆ ಮಾಡಿ ತೋರಿಸುತ್ತಿದ್ದ. ಒಂದೇ ಸಲಕ್ಕೆ ಅರ್ಧ ಚೀಲ ಕೊಡುತ್ತೇವೆ ಅಂತ ಅವನು ಬಡಾಯಿ ಕೊಚ್ಚಿದಾಗ ನನಗೆ ತಡೆಯಲಾಗಲಿಲ್ಲ. "ಅಷ್ಟೊಂದ್ ಕೊಟ್ರೆ ಗಿಡ ಸುಟ್ಟೋಯ್ತದೆ, ಒಂದು ಕವರು ಸಾಕು" ಅಂದುಬಿಟ್ಟೆ. ಅವನು ನೆಂಟರ ಕಡೆ ತಿರುಗಿ, "ಮಿರ್ಲೆ ಎಣ್ಣು ಕಣ್ರಪ್ಪ. ನಾಲಿಗೇನೂ ನಾಲೆನೇ, ಅರೀತಾನೇ ಇರ್ತದೆ" ಅಂದ. ಎಲ್ಲರೂ ನಕ್ಕರು. ನನ್ನ ಗಂಡ ಎಲ್ಲರಿಗಿಂತ ಜೋರಾಗಿ ನಕ್ಕ. ಆ ನಗು ನನಗೆ ಇವತ್ತಿಗೂ ಕೇಳಿಸುತ್ತದೆ.

ಅದಾದ ಮುಂದಿನ ವಾರ ನಾನು ಮುಟ್ಟಾದೆ. ಹೊಗೆಸೊಪ್ಪಿನ ಕಾಲ, ಬ್ಯಾರನ್ನು ಹಗಲೂ ರಾತ್ರಿ ಉರಿಯುತ್ತಿತ್ತು. ಮಳೆ ಎರಡು ವಾರದಿಂದ ಮುಖ ತೋರಿಸಿರಲಿಲ್ಲ. ಬೀಗದ ಕೈಯನ್ನು ಜಗಲಿಯ ಮೇಲಿಟ್ಟು ದೂರ ನಿಂತೆ, ಗಂಡ ಅದನ್ನು ತೆಗೆದು ತಮ್ಮನಿಗೆ ಕೊಟ್ಟ. ಹಿಂದಿನ ತಿಂಗಳುಗಳಲ್ಲಿ ಆ ಮೂರು ದಿನ ಬರೀ ನೀರು ಬಿಡುವ ಕೆಲಸವಷ್ಟೇ ಇರುತ್ತಿತ್ತು. ಈ ಸಲ ಗೊಬ್ಬರದ ದಿನ ನಡುವೆ ಸಿಕ್ಕಿಕೊಂಡಿತ್ತು. ಒಂದು ಕವರನ್ನು ಬೇರೆಯಾಗಿ ಎತ್ತಿಟ್ಟಿದ್ದೆ. "ಇದೊಂದೇ. ಮಿಕ್ಕಿದ್ದು ಬಾಗ್ಲು ಮೇಲೆ ಬರ್ದದೆ" ಅಂದೆ. ಮೈದುನ ಕವರನ್ನು ಕೈಯಲ್ಲಿ ತೂಗಿ ನೋಡಿ, "ಇದೇನು, ಗುಬ್ಬಚ್ಚಿಗೆ ಕಾಳಾ?" ಅಂತ ನಗುತ್ತ ಹೋದ.

ಚಪ್ಪರದ ಕೆಳಗೆ ನಾನೂ ಅತ್ತೆಯೂ ಎದುರುಬದುರು ಕೂತು ಸೊಪ್ಪು ಕಟ್ಟುತ್ತಿದ್ದೆವು. ನಾನು ಎಲೆಯ ಕಟ್ಟನ್ನು ನೆಲದ ಮೇಲಿಡಬೇಕು, ಅವರು ಅಲ್ಲಿಂದ ತೆಗೆದುಕೊಳ್ಳಬೇಕು, ಕೈ ತಾಗಬಾರದು. ಬಾವಿ ಅಲ್ಲಿಂದ ಕೂಗಳತೆ. ಬೆಳಿಗ್ಗೆ ಕರೆಂಟು ಬಂತು, ಮೋಟರ್ ಶುರುವಾಯಿತು. ಶುರುವಾದ ಕೂಡಲೇ ಅದರ ದನಿ ಬಿಗಿಯಿತು. ವಾಲ್ವ್ ಮುಚ್ಚಿದಾಗ ಮಾತ್ರ ಹಾಗಾಗುತ್ತದೆ. ಮಣ್ಣು ನೆನೆಸದೆ ನೇರವಾಗಿ ಗೊಬ್ಬರಕ್ಕೇ ಕೈ ಹಾಕಿದ್ದಾನೆ ಅಂತ ಗೊತ್ತಾಯಿತು. ಹೋಗಲಿ, ಕೊನೆಗಾದರೂ ನೀರು ಬಿಟ್ಟರೆ ಸಾಕು ಅಂದುಕೊಂಡೆ. ಆರನೆಯ ಕಡ್ಡಿ ಕಟ್ಟುತ್ತಿದ್ದೆ, ಮೋಟರ್ ನಿಂತಿತು.

ಕರೆಂಟು ಹೋಗಿರಬೇಕು ಅಂತ ಕಿವಿಗೊಟ್ಟೆ. ಊರಿನ ಹಿಟ್ಟಿನ ಗಿರಣಿ ಓಡುತ್ತಲೇ ಇತ್ತು. ಕರೆಂಟು ಹೋಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಮೈದುನ ಲುಂಗಿ ಎತ್ತಿ ಕಟ್ಟಿಕೊಂಡು ನಮ್ಮ ಮುಂದೆಯೇ ಹಾದು ಬ್ಯಾರನ್ನಿನ ಒಲೆ ನೋಡಲು ಹೋದ. ಅವನ ಪಾದ ಗಿಣ್ಣಿನವರೆಗೂ ಕೆಂಪಗಿತ್ತು. ಅದು ಮಣ್ಣಿನ ಕೆಂಪಲ್ಲ, ಪೊಟ್ಯಾಷ್ ಗೊಬ್ಬರದ ಕೆಂಪು. ನಾನು ಕೊಟ್ಟ ಕವರಿನಲ್ಲಿ ಕೆಂಪು ಪೊಟ್ಯಾಷ್ ಇರಲೇ ಇಲ್ಲ, ಏಕೆಂದರೆ ಅದು ಕರಗದೆ ಪೈಪಿನಲ್ಲಿ ಹನಿ ಬೀಳುವ ಕಣ್ಣು ಕಟ್ಟುತ್ತದೆ. ಮೂಟೆಯನ್ನೇ ಡ್ರಮ್ಮಿಗೆ ಸುರಿದಿದ್ದಾನೆ.

ಮಾತು ಬಾಯಿಗೆ ಬಂತು. "ಅತ್ತೆ, ಅವ್ರಿಗ್ ಏಳಿ, ಬರೀ ನೀರ್ ಬುಡ್ಲಿ, ಸಾಯಂಕಾಲದವರ್ಗೂ ಬುಡ್ಲಿ" ಅಂದರೆ ಮುಗಿಯುತ್ತಿತ್ತು. ಬೇಲಿ ದಾಟುವುದೇ ಬೇಕಿರಲಿಲ್ಲ. ಕೂತಲ್ಲಿಂದ ಕೂಗಿ ಹೇಳಬಹುದಿತ್ತು. ಆದರೆ ಆ ಭಾನುವಾರದ ನಗು ಅಡ್ಡ ಬಂತು. ನಾಲೆ ಹರಿಯುತ್ತಾನೇ ಇರುತ್ತದೆ ಅಂದೆಯಲ್ಲ, ಇಗೋ ಈಗ ನಿಂತಿದೆ ನೋಡು ಅಂದುಕೊಂಡೆ. ಸುಡಲಿ. ನಾಲ್ಕು ಗಿಡ ಸುಟ್ಟರೆ ಬೀಗದ ಕೈ ಯಾರ ಹತ್ತಿರ ಇರಬೇಕು ಅಂತ ಈ ಮನೆಗೆ ಒಂದೇ ಸಲಕ್ಕೆ ಗೊತ್ತಾಗುತ್ತದೆ. ಮುಂದಿನ ಎಲೆ ತೆಗೆದುಕೊಂಡೆ, ದಾರ ಸುತ್ತಿದೆ.

ಮರುದಿನ ಮೋಟರ್ ಶುರುವಾಗಲೇ ಇಲ್ಲ. ಗೊಬ್ಬರ ಕೊಟ್ಟಾಯಿತಲ್ಲ, ಎರಡು ದಿನ ನೀರು ಬೇಡ ಅಂತ ಅವನ ಲೆಕ್ಕ. ಆ ದಿನವೂ ಹೇಳಬಹುದಿತ್ತು. ಅದರ ಮರುದಿನವೂ. ಬಿಸಿಲು ಚುರುಗುಟ್ಟುತ್ತಿತ್ತು. ಬೇಲಿಯಾಚೆ ಬಾಳೆ ಎಲೆಗಳ ಬಣ್ಣ ಬದಲಾಗುತ್ತಿರುವುದು ದೂರದಿಂದಲೇ ಕಾಣುತ್ತಿತ್ತು. ಪಂತ ಕಟ್ಟಿದವಳ ಹಾಗೆ ತಲೆ ಎತ್ತದೆ ಸೊಪ್ಪು ಕಟ್ಟಿದೆ.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು, ಬೀಗದ ಕೈ ಇಸಿದುಕೊಂಡು ತೋಟಕ್ಕೆ ಹೋದೆ. ನಾಲ್ಕು ಗಿಡ ಅಂದುಕೊಂಡಿದ್ದೆ. ತೋಟ ನಾಲ್ಕು ಭಾಗ, ಭಾಗಕ್ಕೊಂದು ವಾಲ್ವು. ಮೈದುನ ಮೊದಲನೆಯ ಭಾಗದ ವಾಲ್ವನ್ನು ಮಾತ್ರ ತೆರೆದು ಅಷ್ಟನ್ನೂ ಅಲ್ಲಿಗೇ ಇಳಿಸಿದ್ದ. ಒಂದಿಡೀ ಭಾಗ ಅಂಚಿನಿಂದ ಸುಟ್ಟುಕೊಂಡು, ಎಲೆಗಳು ಕಾಗದದ ಹಾಗೆ ಸದ್ದು ಮಾಡುತ್ತಿದ್ದವು. ಪಕ್ಕದ ಭಾಗದ ಮೊದಲ ಸಾಲು ಹಚ್ಚಹಸಿರು. ಹನಿ ಬೀಳುವ ಕಡೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತ್ತು. ಮೋಟರ್ ಹಾಕಿ ನೀರು ಬಿಟ್ಟರೆ ಅರ್ಧಕ್ಕರ್ಧ ಕಣ್ಣುಗಳು ಕೆಂಪು ಕೆಸರಿನಲ್ಲಿ ಕಟ್ಟಿಕೊಂಡಿದ್ದವು. ಪಿನ್ನು ಹಿಡಿದು ಒಂದೊಂದನ್ನೇ ಬಿಡಿಸುತ್ತ ಸಂಜೆಯವರೆಗೂ ನೀರು ಬಿಟ್ಟೆ. ಅಳು ಬಂತು, ಅತ್ತುಬಿಟ್ಟೆ. ಆ ಗಿಡಗಳಿಗೆ ನಾನು ತುತ್ತು ಕೊಟ್ಟು ಬೆಳೆಸಿದ್ದೆ, ಮತ್ತು ಅವು ಸಾಯುತ್ತಿದ್ದಾಗ ಕೂಗಳತೆಯಲ್ಲಿ ಕೂತು ಕೇಳಿಸಿಕೊಂಡಿದ್ದೆ.

ಸಂಜೆ ಜಗಲಿಯ ಮೇಲೆ ನ್ಯಾಯ ಸೇರಿತು. ಗಂಡ, ಮೈದುನ, ಅತ್ತೆ, ನಾನು. ಮೈದುನ ಮುಖ ಸಣ್ಣಗೆ ಮಾಡಿಕೊಂಡಿರುತ್ತಾನೆ ಅಂದುಕೊಂಡಿದ್ದೆ. ಅವನು ತಯಾರಾಗಿಯೇ ಬಂದಿದ್ದ.

"ನಾನ್ ಇಷ್ಟ್ ವರ್ಷ ಗೊಬ್ರ ಆಕಿಲ್ವಾ? ಎಂದಾದ್ರೂ ಇಂಗಾಗಿತ್ತಾ? ಮುಟ್ಟಾಗಿದ್ದಾಗ್ಲೇ ಅತ್ತಿಗೆ ತ್ವಾಟದ್ ಒಳಿಕ್ ಬಂದವ್ರೆ. ಮಿಸೀನ್ ನೋಡ್ದೆ ಇರಕ್ಕಾಯ್ತದಾ ಅವ್ರಿಗೆ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಎದ್ದು ನಿಂತೆ. "ಒಂದೇ ಭಾಗ ಸುಟ್ಟದಲ್ಲ, ಮಿಕ್ಕಿದ್ ಮೂರೂ ಚೆನ್ನಾಗವಲ್ಲ, ಮೈಲ್ಗೆಗೆ ಯಾವ ವಾಲ್ವ್ ತೆಗ್ದದೆ ಅಂತ ಎಂಗ್ ಗೊತ್ತಾಯ್ತು? ಖಾಲಿ ಮೂಟೆ ಎಲ್ಲದೆ ತೋರ್ಸಿ" ಅಂದೆ.

"ಅವೆಲ್ಲ ಓದ್ದೋರ್ ಮಾತು ಬುಡಿ" ಅಂದ.

ಗಂಡ ತಲೆ ಕೆರೆದುಕೊಂಡ. ಮೂಟೆ ಎಲ್ಲಿದೆ ಅಂತ ತಮ್ಮನನ್ನು ಕೇಳಲಿಲ್ಲ. ಅತ್ತೆಯ ಕಡೆ ತಿರುಗಿ, "ಅವ್ವ, ಮೂರ್ ದಿನಾನೂ ಇವಳ ಜೊತೆ ನೀನೇ ಅಲ್ವಾ ಕೂತಿದ್ದು?" ಅಂದ.

ನಾನು ಅತ್ತೆಯ ಮುಖ ನೋಡಿದೆ. ಬೆಳಗಿನಿಂದ ಸಂಜೆಯವರೆಗೆ ನನ್ನ ಎದುರು ಕೂತಿದ್ದವರು. ನಾನು ಎದ್ದು ಹೋದರೆ ಎಲ್ಲಿಗೆ, ಎಷ್ಟು ಹೊತ್ತು ಅಂತ ಎಣಿಸುತ್ತಿದ್ದವರು. ಅವರು ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

"ನಾನೇನ್ ಇವಳ ಸೆರಗ್ಗೆ ಗಂಟಾಕ್ಕೊಂಡ್ ಕೂತಿದ್ನಾ?"

ಗಂಡ ನನ್ನ ಕಡೆ ತಿರುಗಿದ. "ನಿಜ ಏಳು. ಓಗಿದ್ದಾ, ಇಲ್ವಾ?"

ಇಲ್ಲ ಅಂತ ಕಿರುಚಬಹುದಿತ್ತು. ಕಿರುಚುವುದು ನನಗೆ ಬಾರದ್ದೇನಲ್ಲ. ಆದರೆ ಇಲ್ಲ ಅಂದರೆ ಮುಂದಿನ ಮಾತು ನನ್ನ ಬಾಯಿಂದಲೇ ಬರಬೇಕಿತ್ತು: ಮೋಟರ್ ನಿಂತದ್ದು ಕೇಳಿಸಿತು, ಕೆಂಪು ಪಾದ ಕಂಡಿತು, ಅವನು ಏನು ಮಾಡಿದ್ದಾನೆ ಅಂತ ಗೊತ್ತಾಯಿತು. ಗೊತ್ತಿದ್ದು ಯಾಕೆ ಹೇಳಲಿಲ್ಲ ಅಂತ ಯಾರೋ ಒಬ್ಬರು ಕೇಳುತ್ತಿದ್ದರು. ಯಾರೂ ಕೇಳದಿದ್ದರೂ ನಾನೇ ಕೇಳಿಕೊಳ್ಳುತ್ತಿದ್ದೆ. ಆ ಪ್ರಶ್ನೆ ಹತ್ತಿರ ಬಂದದ್ದು ಕಂಡು ಹೆದರಿಬಿಟ್ಟೆ.

"ಹೂಂ, ಓಗಿದ್ದೆ" ಅಂದೆ. "ಅದಕ್ಕೇನೀಗ?"

ಅತ್ತೆ ತಟ್ಟನೆ ತಲೆ ಎತ್ತಿದರು. ಮೈದುನನೂ ತಿರುಗಿ ನನ್ನನ್ನೇ ನೋಡಿದ. ತಾನು ಹೇಳಿದ್ದು ಸುಳ್ಳು ಅಂತ ಅವನಿಗೆ ಗೊತ್ತಿತ್ತಲ್ಲ. ಗಂಡ ಕೈ ಚಾಚಿದ. ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಅವನ ಅಂಗೈಯಲ್ಲಿ ಹಾಕಿದೆ.

ವಾರದೊಳಗೆ ಮೈದುನ ವೆಂಚುರಿಯನ್ನು ಬಿಚ್ಚಿ ಆ ಜಾಗಕ್ಕೆ ಮುಚ್ಚಳ ಬಡಿದ. ನೀಲಿ ಡ್ರಮ್ಮು ಬ್ಯಾರನ್ನಿನ ಹತ್ತಿರ ಹೋಯಿತು, ಬೆಂಕಿ ಬಿದ್ದರೆ ಇರಲಿ ಅಂತ ನೀರು ತುಂಬಿಡಲು. ಬಾಳೆಗೆ ಮತ್ತೆ ಮುಷ್ಟಿ ಗೊಬ್ಬರ ಶುರುವಾಯಿತು. ಬೂದಿ ಮುಚ್ಚಿದ ಕೆಂಡದ ಹಾಗೆ ನಾನು ಓಡಾಡಿಕೊಂಡಿದ್ದೆ. ಮನೆಯವರೆಲ್ಲ ಅದನ್ನು ಪಶ್ಚಾತ್ತಾಪ ಅಂದುಕೊಂಡರು. ಅಷ್ಟರಮಟ್ಟಿಗೆ ಸರಿಯಾಗಿಯೇ ಅಂದುಕೊಂಡಿದ್ದರು, ಯಾವುದಕ್ಕೆ ಅನ್ನುವುದಷ್ಟೇ ಅವರಿಗೆ ತಿಳಿದಿರಲಿಲ್ಲ.

ಮುಂದಿನ ತಿಂಗಳು ನಾನು ಮುಟ್ಟಾದ ಹೊತ್ತಿಗೇ ಆ ವರ್ಷ ಕೊನೆಯ ಸಲ ಮುರಿದ ಸೊಪ್ಪು ಬಂತು. ಮತ್ತೆ ಅದೇ ಚಪ್ಪರ, ಮತ್ತೆ ನಾನೂ ಅತ್ತೆಯೂ ಎದುರುಬದುರು. ಬೇರೆ ಯಾರೂ ಇರಲಿಲ್ಲ. ನಾಲ್ಕೈದು ಕಡ್ಡಿ ಕಟ್ಟಿದ ಮೇಲೆ ಅವರೇ ಮಾತು ಶುರು ಮಾಡಿದರು.

"ನೀನು ಓಗ್ನಿಲ್ವಲ್ಲ. ಓಗಿದ್ದೆ ಅಂತ ಯಾಕಂದೆ?"

ನನ್ನ ಪಿತ್ತ ನೆತ್ತಿಗೇರಿತು. ಇಷ್ಟು ದಿನ ಕಾದಿದ್ದ ಮಾತು ಅದು. "ನೀವ್ ಯಾಕ್ ಸುಮ್ಕಿದ್ರಿ? ಮೂರ್ ದಿನ ನನ್ ಎದ್ರಿಗೇ ಕೂತಿದ್ರಲ್ಲ. ಮಗನ್ ಮುಂದೆ ಒಂದ್ ನಿಜ ಏಳಕ್ಕೂ ಆಗ್ನಿಲ್ವಾ ನಿಮ್ಗೆ?"

ಅವರು ಕೈಯಲ್ಲಿದ್ದ ಕಡ್ಡಿಯನ್ನು ಮುಗಿಸಿ, ದಾರ ಕಡಿದು, ಪಕ್ಕಕ್ಕಿಟ್ಟರು. ಕೋಪ ಮಾಡಿಕೊಳ್ಳಲಿಲ್ಲ.

"ಮೋಟ್ರು ನಿಂತಿದ್ದು ನಂಗೂ ಕೇಳ್ತು ಕಣವ್ವ. ಕೊನೇಗ್ ಬರೀ ನೀರ್ ಬುಡ್ಬೇಕು ಅಂತ ನೀನೇ ದಿನಾ ಏಳೀ ಏಳೀ ನಂಗೂ ಬಾಯ್‌ಪಾಠ ಆಗಿತ್ತು. ನಿನ್ ಕಡೆ ನೋಡ್ದೆ. ನಿನ್ ಕೈ ನಿಂತೋಯ್ತು. ಈಗ ಬಾಯ್ ಬುಡ್ತಾಳೆ, ಈಗ ಏಳ್ತಾಳೆ ಅಂತ ಕಾಯ್ದೆ. ನೀನು ಇನ್ನೊಂದ್ ಎಲೆ ತಕಂಡೆ."

ನಿಮಗೂ ಕೇಳಿಸಿತ್ತಲ್ಲ, ನೀವಾದರೂ ಹೇಳಬಹುದಿತ್ತಲ್ಲ ಅಂತ ಕೇಳಬಹುದಿತ್ತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ, ಎಲೆಯ ಕಟ್ಟನ್ನು ನೆಲದ ಮೇಲಿಟ್ಟು, ಅವರ ಕಡೆಗೆ ಸರಿಸಿದೆ.